ಕೆಸರು ಅಳೆದು ಹೆಸರು ಹಾಕಿದವರು

ನಮ್ಮ ಸರ್‌ಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಮುಂಬೈ ಪಕ್ಕದ ಠಾಣೆಯ ಅರ್ಧ ಊರೇ ಹೇಳುತ್ತಿತ್ತು! ಅಲ್ಲಿನ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಏಡಿಗಳ ಬಗ್ಗೆ ಅವರು ಬರೆದದ್ದನ್ನು ದೊಡ್ಡ ದೊಡ್ಡ ವಿಜ್ಞಾನಿಗಳು ಓದುತ್ತಿದ್ದರಂತೆ. ನಮಗೆ ಕಾಣಿಸುತ್ತಿದ್ದವರು ಮಾತ್ರ ಕೆಸರು ಮೆತ್ತಿಕೊಂಡು ಡೊಂಬಿವಲಿಯ ಲೋಕಲ್ ರೈಲು ಹತ್ತುವ ಆಸಾಮಿ. ಕಾಲಿಡಲಾಗದ ಗಾಡಿಯಲ್ಲೂ ಅವರ ಸುತ್ತ ಜಾಗವೋ ಜಾಗ! ಮಂತ್ರಿಗಳಿಗೂ ಆ ಭಾಗ್ಯ ಉಂಟೇ?

ತೊಂಬತ್ತರ ದಶಕದ ನಡುವೆ ಎಂ.ಎಸ್ಸಿ. ಮುಗಿಸಿ ಅವರ ಕೈಕೆಳಗೆ ಸಂಶೋಧನೆಗೆ ಸೇರಿದೆ. ಕೋಪರಿಯ ಹೋಟೆಲಿನ ಗಲ್ಲಾದಲ್ಲಿ ಕೂರುವ ನನ್ನ ಅಪ್ಪ ಒಂದು ವರ್ಷದ ಗಡುವು ಕೊಟ್ಟಿದ್ದರು: ಫೆಲೋಶಿಪ್ ಸಿಗದಿದ್ದರೆ ಮದುವೆ! ಫೆಲೋಶಿಪ್ಪಿಗೆ ಅಚ್ಚಾದ ಸಂಶೋಧನಾ ಪೇಪರೊಂದರಲ್ಲಿ ಮೊದಲ ಹೆಸರು ನನ್ನದಿರಬೇಕು. ನಿನ್ನೆ ಮೊನ್ನೆ ಬಂದವಳ ಹೆಸರನ್ನು ಮೊದಲು ಯಾರು ಹಾಕುತ್ತಾರೆ ಸ್ವಾಮಿ?

ಸರ್ ಅವರ ಕಾನೂನೇ ಬೇರೆ. "ಯಾರ ಕಾಲಿಗೆ ಕೆಸರು ಹೆಚ್ಚು ಎತ್ತರ ಹತ್ತಿದೆಯೋ ಅವರ ಹೆಸರು ಮೊದಲು!" ಖಾಡಿಯಿಂದ ಮೇಲೆ ಬಂದೊಡನೆ ಕಳವಾ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಇಬ್ಬರೂ ಫೂಟುಪಟ್ಟಿಯಿಂದ ಅವರವರ ಕಾಲು ಅಳೆದುಕೊಂಡು ಇಂಚು ಕೂಗಬೇಕು. ವಿಜಯಪುರದ ಹಮಾಲನೊಬ್ಬ ನಿಂತು ನೋಡಿ, "ಪ್ಯಾಂಟ್ ಹೊಲ್ಸಾಕ ಅಳತಿ ತಗೊಳ್ಳಾಕತ್ತೀರೇನ್ರಿ ಸಾಹೇಬ್ರ?" ಎಂದ.

"ಅಲ್ಲ ಮಾರಾಯ, ಲೇಖಕರನ್ನು ಅಳೆಯುವುದು!" ಎಂದರು ಸರ್.

ಒಂದು ದಿನ ಅಳತೆಗೆ ಮುಂಚೆಯೇ ಸರ್ ಗುಟ್ಟಾಗಿ ನಲ್ಲಿಯಲ್ಲಿ ಮೊಣಕಾಲಿನ ಕೆಸರು ತೊಳೆದು ಬರುವುದನ್ನು ಕಂಡೆ. ಆಮೇಲೆ ಗಂಭೀರವಾಗಿ, "ನನ್ನದು ನಾಲ್ಕೇ ಇಂಚು, ಬರಕೊ," ಎಂದರು. ಎಂಥ ಸುಳ್ಳ!

ನನ್ನ ಹೆಸರು ಮೊದಲು ಹಾಕಿ ಪೇಪರು ವಿಜ್ಞಾನ ಪತ್ರಿಕೆಗೆ ಹೋಯಿತು. ಸಂಪಾದಕರಿಂದ ಕಾಗದ ಬಂತು: ಇಷ್ಟು ದೊಡ್ಡವರ ಹೆಸರು ಎರಡನೆಯದಾಗಿರುವುದು ಕಣ್ತಪ್ಪಿನಿಂದ ಇರಬೇಕು, ಸರಿಪಡಿಸುತ್ತೇವೆ. ಅಪ್ಪನ ಗಡುವಿಗೆ ಉಳಿದ ದಿನಗಳನ್ನು ಬೆರಳಲ್ಲಿ ಎಣಿಸಿದೆ. ಸರ್ ಮರುದಿನವೇ ಬರೆದರು: "ಹೆಸರು ಇದ್ದ ಹಾಗೇ ಇರಲಿ, ಇಲ್ಲವಾದರೆ ಪೇಪರು ವಾಪಸ್ ಕಳಿಸಿ."

"ನಿಜವಾಗಿ ಕಳಿಸಿಬಿಟ್ಟರೆ, ಸರ್?"

"ಬೇರೆ ಕಡೆ ಕೊಡುವ ಮಾರಾಯ್ತಿ. ಏಡಿಗಳು ಎಂತ ಓಡಿಹೋಗ್ತವಾ?"

ಓಡಿಹೋಗುವುದೇ ಅವುಗಳ ಕಸುಬು ಎಂದು ನಾವೇ ಹದಿನಾಲ್ಕು ಪುಟ ಬರೆದಿದ್ದೆವು!

ಸಂಪಾದಕರು ಸೋತರು. ಮೊದಲ ಹೆಸರು ನನ್ನದೇ ಬಂತು, ಫೆಲೋಶಿಪ್ಪೂ ಬಂತು. ಪೇಡೆ ಹಿಡಿದು ಡೊಂಬಿವಲಿಗೆ, ಸರ್ ಅವರ ಮನೆಗೆ ಓಡಿದೆ. "ಸರ್, ನಿಮ್ಮ ಮೊದಲ ಪೇಪರು ತೋರಿಸಿ," ಎಂದು ಹಟ ಹಿಡಿದೆ. ಕಪಾಟಿನಿಂದ ಹಳದಿಯಾದ ಹಾಳೆಗಳನ್ನು ತೆಗೆದುಕೊಟ್ಟರು. ಲೇಖಕರಲ್ಲಿ ಅವರ ಗುರುಗಳ ಹೆಸರೊಂದೇ ಇತ್ತು. ಕೊನೆಯ ಪುಟದ ಕೊನೆಯ ಸಾಲಿನ ಮೇಲೆ ಸರ್ ಬೆರಳಿಟ್ಟರು: "ಏಡಿಗಳನ್ನು ಹಿಡಿದುಕೊಟ್ಟ ವಿದ್ಯಾರ್ಥಿಗೆ ಕೃತಜ್ಞತೆಗಳು."

"ಇದು ನಾನು," ಎಂದು ನಕ್ಕರು. "ಮೂರು ವರ್ಷ ಹಿಡಿದೆ."

ನನಗೆ ನಗು ಬರಲಿಲ್ಲ. ಪೇಡೆಯ ಡಬ್ಬಿ ಹಿಡಿದುಕೊಂಡೇ ಅತ್ತುಬಿಟ್ಟೆ.