ಮಾವನ ಮ್ಯಾನ್ಯುಯಲ್ ಮೋಡು

ನನ್ನ ಸೋದರಮಾವನ ಕ್ಯಾಮೆರಾ ಮುಂದೆ ನಿಲ್ಲುವವರು ಬುತ್ತಿ ಕಟ್ಟಿಕೊಂಡು ಬರುವುದು ಒಳ್ಳೆಯದು. ಉತ್ಪ್ರೇಕ್ಷೆ ಅಂದಿರಾ? ಪಾಸ್‌ಪೋರ್ಟ್ ಫೋಟೋಕ್ಕೆಂದು ಗಡ್ಡ ಬೋಳಿಸಿಕೊಂಡು ಅವನ ಚನ್ನಪಟ್ಟಣದ ಸ್ಟುಡಿಯೋಗೆ ಹೋದ ನಮ್ಮಣ್ಣನ ಕೆನ್ನೆಯಲ್ಲಿ, ಕ್ಲಿಕ್ ಅನ್ನುವಷ್ಟರಲ್ಲಿ ಕುರುಚಲು ಕಾಣಿಸಿತ್ತು! ಕ್ಯಾಮೆರಾ ತಾನೇ ಬೆಳಕು ಅಳೆದುಕೊಳ್ಳುವ ಆಟೋ ಮೋಡನ್ನು ಮಾವ ಮುಟ್ಟುವವನೇ ಅಲ್ಲ. ಮೊದಲು ಅಂಗೈ ಚಾಚಿ, ಅದರ ಮೇಲೆ ಬಿದ್ದ ಬೆಳಕು ನೋಡಬೇಕು. ಗುಂಡಿ ತಿರುಗಿಸಬೇಕು. ಮತ್ತೆ ಅಂಗೈ ನೋಡಬೇಕು. ಗೊತ್ತಿಲ್ಲದವರು, ಪಾಪ, ತನ್ನ ಭವಿಷ್ಯ ತಾನೇ ಓದಿಕೊಳ್ಳುತ್ತಿದ್ದಾನೆ ಅಂದುಕೊಳ್ಳುತ್ತಾರೆ.

ಒಮ್ಮೆ ರಣಹದ್ದಿನ ಫೋಟೋ ತೆಗೆಯಲು ರಾಮನಗರದ ಬೆಟ್ಟಕ್ಕೆ ನನ್ನನ್ನೂ ಕರೆದೊಯ್ದ. ಹದ್ದು ಬಂದು ಬಂಡೆಯ ಮೇಲೆ ಕೂತಿತು. ಮಾವ ಅಂಗೈ ನೋಡಿದ. ಹದ್ದು ಮಾವನನ್ನು ನೋಡಿ ಹಾರಿಹೋಯಿತು. ಕ್ಲಿಕ್ ಆದದ್ದು ಆಮೇಲೆ!

"ಬರೀ ಬಂಡೆ ಬಂದೈತಲ್ಲ ಮಾವ!"

"ಬಂಡೆ ಮ್ಯಾಲೆ ಬೆಳಕು ಎಂಗ್ ಕೂತೈತೆ ನೋಡಮ್ಮಿ!"

ಆ ಬಂಡೆಗೆ ಕಟ್ಟು ಹಾಕಿಸಿ ಸ್ಟುಡಿಯೋದಲ್ಲಿ ತೂಗುಹಾಕಿದ್ದಾನೆ.

ಇಂಥವನ ಅಕ್ಕ ನಮ್ಮಮ್ಮನಿಗೋ, ಕ್ಯಾಮೆರಾ ಕಂಡರೆ ಅಡುಗೆಮನೆಯ ಕೆಲಸ ನೆನಪಾಗುತ್ತದೆ. ಅವಳದು ಕಪ್ಪು ಬಣ್ಣ. ಮನೆಯಲ್ಲಿ ನಾವು ಫೋನಿನಿಂದ ತೆಗೆದ ಯಾವ ಫೋಟೋ ನೋಡಿದರೂ ಸುಣ್ಣದ ಗೋಡೆಯ ಮುಂದೆ ಒಂದು ಸೀರೆ, ಅದರ ಮೇಲೆ ಒಂದು ಸಾಲು ಹಲ್ಲು, ಅಷ್ಟೆ! ನಾವು ನಗುತ್ತಿದ್ದೆವು. ಅವಳೂ ನಗುತ್ತಿದ್ದಳು.

ನನ್ನ ಮದುವೆ ಗೊತ್ತಾದಾಗ ಮಾವನಿಗೆ ಮೊದಲೇ ಹೇಳಿದೆ. "ಅವತ್ತೊಂದಿನ ಆಟೋಲಿ ತೆಗಿ ಮಾವ. ತಾಳಿ ಕಟ್ಟೋ ಫೋಟೋ ತಪ್ಪಿದ್ರೆ ನಿನ್ನ ಮಾತಾಡ್ಸಕ್ಕಿಲ್ಲ."

"ಆಟೋಗೆ ಏನ್ ಗೊತ್ತಮ್ಮಿ? ಹಿಂದೆ ಬೆಳ್ಳಗೆ ಕಂಡ್ರೆ ಬೆಚ್ಚಿಬಿದ್ದು, ಮುಂದಿರೋರ್ನ ಕತ್ತಲೆಗೆ ತಳ್ಬುಡ್ತದೆ."

ಮುಹೂರ್ತ ಬಂತು. ಗಟ್ಟಿಮೇಳ ಮೊಳಗಿತು. ಮಾವನ ಅಂಗೈ ಮೇಲೆದ್ದಿತು! ಅದು ಇಳಿಯುವಷ್ಟರಲ್ಲಿ ಮೂರು ಗಂಟೂ ಬಿದ್ದಾಗಿತ್ತು. ನೆಂಟರ ಫೋನುಗಳಲ್ಲಾದರೂ ಸಿಕ್ಕೀತು ಎಂದು ಹುಡುಕಿದರೆ, ಅವುಗಳಲ್ಲಿ ಸಿಕ್ಕಿದ್ದು ಬೇರೆ ನೆಂಟರ ಫೋನುಗಳು. ಬೀಗರಲ್ಲೊಬ್ಬರು ಇನ್ನೊಂದು ಸಲ ಕಟ್ಟಿಸಿ ಅಂದದ್ದಕ್ಕೆ ಪುರೋಹಿತರು ರೇಗಿದರು. "ತಾಳಿ ಏನು ಶೂ ಲೇಸೇನ್ರೀ, ಬಿಚ್ಚಿ ಬಿಚ್ಚಿ ಕಟ್ಟೋಕೆ?"

ಎಲ್ಲರೂ ಬೈದರು. ಮಾವ ತಲೆ ತಗ್ಗಿಸಿ, "ಬೆಳಕು ಒಸಿ ಸರಿ ಮಾಡ್ಕೊತಿದ್ದೆ" ಅಂದ. ಹೇಳಿದಂತೆ ಒಂದು ತಿಂಗಳು ನಾನು ಅವನನ್ನು ಮಾತಾಡಿಸಲಿಲ್ಲ.

ಆಮೇಲೆ, ನಾನು ತವರಿಗೆ ಬಂದಿದ್ದಾಗ, ಆಲ್ಬಮ್ ಹಿಡಿದು ತಾನೇ ಮನೆಗೆ ಬಂದ. ಸಿಟ್ಟಿನಲ್ಲೇ ಪುಟ ತಿರುವಿದೆ. ತಾಳಿ ಇರಬೇಕಾದ ಜಾಗದಲ್ಲಿ ಯಾರೋ ಹೆಂಗಸು. ಹಿಂದೆ ಮಂಟಪದ ಬಿಳಿ ಹೂವಿನ ಪರದೆ. ಎತ್ತಿದ ಮುಷ್ಟಿಯಲ್ಲಿ ಎಸೆಯಲು ಮರೆತ ಅಕ್ಷತೆ, ಕಪ್ಪು ಕೆನ್ನೆಯ ಮೇಲೆ ಕಣ್ಣೀರಿನ ಒಂದು ಗೆರೆ, ಅದರ ಪಕ್ಕದಲ್ಲೇ ಸಣ್ಣ ಗುಳಿ. ಅಮ್ಮ! ಅವಳ ಕೆನ್ನೆಯಲ್ಲಿ ಗುಳಿ ಬೀಳುವುದನ್ನು ಯಾವ ಫೋಟೋದಲ್ಲೂ ನಾನು ಕಂಡಿರಲಿಲ್ಲ. ನನಗೆ ಅಳು ಬಂತು.

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಆಲ್ಬಮ್ ತೆಗೆದುಕೊಂಡಳು. ತುಂಬ ಹೊತ್ತು ನೋಡಿದಳು.

"ನಾನು ಇಂಗಿದೀನೇನ್ಲಾ?"

"ಇಂಗೇ ಇದೀಯ ಕಣಕ್ಕ. ಚಿಕ್ಕೋನಿದ್ದಾಗ್ಲಿಂದ ನೋಡ್ತಾ ಇಲ್ವಾ?"

ಅಮ್ಮ ಎದ್ದಳು. ಇನ್ನೇನು ಅಡುಗೆಮನೆಗೆ ಓಡುತ್ತಾಳೆ ಅಂದುಕೊಂಡೆ. ಅವಳು ಹೋದದ್ದು ಕನ್ನಡಿಯ ಕಡೆಗೆ.

"ತಡಿ, ಒಸಿ ತಲೆ ಬಾಚ್ಕೊಂಡ್ ಬತ್ತೀನಿ. ಇನ್ನೊಂದು ತೆಗಿ."

ಮಾವ ಆಗಲೇ ಅಂಗೈ ಚಾಚಿದ್ದ.