ಕುಂಬಳಕಾಯಿ ಸೂಪು, ಉಪ್ಪಿನ ನಕ್ಷೆ

ನಿವೃತ್ತಿಯಾದ ಗಂಡಸು ಮನೆಯಲ್ಲೇ ಕೂತರೆ ಕುರ್ಚಿಗೂ ಬೇಜಾರು, ಗೋಡೆಗೂ ಬೇಜಾರು. ಮೂವತ್ಮೂರು ವರ್ಷ ಸರ್ವೆ ಕಚೇರಿಯಲ್ಲಿ ಕೂತು ಕಂಡವರ ಹೊಲ, ಹಾದಿ, ಹಳ್ಳಗಳ ನಕ್ಷೆ ಬರೆದು ಬರೆದು ಬೀದಿಯವರ ಬಾಯಲ್ಲಿ ನಕ್ಷೆರಾಯರೇ ಆಗಿಹೋಗಿದ್ದ ಆ ಮಹಾಶಯರು, ಕೆಲಸ ಮುಗಿದ ಮರುದಿನ ಪಡಸಾಲೆಯ ಕುರ್ಚಿಯಲ್ಲಿ ಕೂತು ಎದುರಿನ ಗೋಡೆ ನೋಡತೊಡಗಿದರು. ಒಂದೂವರೆ ವರ್ಷ ನೋಡಿದರು. ಊಟಕ್ಕೆ ಕರೆದರೆ ಬರುವುದು, ತಟ್ಟೆಗೆ ಬಿದ್ದದ್ದನ್ನು ಪೇಪರಿನ ಮೇಲೆ ಕಣ್ಣಿಟ್ಟು ತಿನ್ನುವುದು, ಮತ್ತೆ ಗೋಡೆ. "ಗೋಡೇಲಿ ಏನಿದೆ ಅಂತ ಹಾಗೆ ನೋಡ್ತೀರಿ?" ಎಂದು ಹೆಂಡತಿ ಒಮ್ಮೆ ಕೇಳಿದರು. "ಏನೂ ಇಲ್ಲ. ಅದನ್ನೇ ನೋಡ್ತಿದ್ದೀನಿ" ಎಂದರು ರಾಯರು. ಆಕೆಗೆ ಅಂದಿನಿಂದ ಆ ಕುರ್ಚಿ ಕಂಡರೆ ಹೆದರಿಕೆ.

ಅಷ್ಟರಲ್ಲಿ, ಬೇಸಿಗೆಯ ಕೊನೆಗೆ, ಆಕೆಗೇ ಜ್ವರ ಬಂತು. ಹದಿನೈದು ದಿನ ಹಿಂಡಿ ಹಿಪ್ಪೆ ಮಾಡಿ ಜ್ವರ ಹೋಯಿತು. ಹೋಗುವಾಗ ಬಾಯಿರುಚಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಉಪ್ಪು, ಹುಳಿ, ಸಿಹಿ ಎಲ್ಲ ಒಂದೇ, ಒದ್ದೆ ಕಾಗದ ಅಗಿದ ಹಾಗೆ. ತಿನ್ನುವುದೇ ಬೇಡ ಎಂದು ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. (ಆ ಮನೆಯಲ್ಲಿ ಗೋಡೆಗಳಿಗೆ ಎಂದೂ ಪ್ರೇಕ್ಷಕರ ಕೊರತೆಯಾಗಲಿಲ್ಲ.) ಬೆರಳು ಸಣಕಲಾಗಿ, ಕೈ ತೊಳೆಯುವಾಗ ಉಂಗುರ ಜಾರಿ ಮೋರಿಗೆ ಬಿತ್ತು. ಎದುರುಮನೆಯ ನರ್ಸಮ್ಮ ನಾಡಿ ಹಿಡಿದು ನೋಡಿ, "ರುಚಿ ವಾಪಸ್ ಬರಬಹುದು, ಬರದೇನೂ ಇರಬಹುದು. ಅಲ್ಲಿವರೆಗೆ ಹೊಟ್ಟೆಗೆ ಏನಾದ್ರೂ ಹೋಗ್ತಿರ್ಬೇಕು. ಇಲ್ಲದಿದ್ರೆ ನನ್ನ ಕೈಲಿ ಏನೂ ಆಗಲ್ಲ" ಎಂದು ಮೆಲ್ಲಗೆ ಹೇಳಿ ಹೋದರು.

ರಾಯರು ಎದ್ದರು. ಒಂದೂವರೆ ವರ್ಷದ ಮೇಲೆ ಮೊದಲ ಸಲ, ಯಾರೂ ಕರೆಯದೆ, ತಾವಾಗಿಯೇ ಎದ್ದರು.

ಹಿತ್ತಲಿನ ನಕ್ಷೆಯೊಂದು ತಯಾರಾಯಿತು. ಬೀನ್ಸಿಗೆ ಇಷ್ಟು, ಟೊಮೆಟೊಗೆ ಇಷ್ಟು, ಕುಂಬಳಬಳ್ಳಿ ಈ ಗೆರೆ ದಾಟಕೂಡದು ಎಂದು ಕೆಂಪು ಶಾಯಿಯಲ್ಲಿ ಗಡಿ ಬೇರೆ. (ಬಳ್ಳಿಗೆ ಓದು ಬರುವುದಿಲ್ಲ, ಅದು ದಾಟಿತು.) ಬಿತ್ತಿದ್ದು, ನೀರು ಹೊತ್ತದ್ದು, ಹುಳ ಹೆಕ್ಕಿದ್ದು ಎಲ್ಲ ರಾಯರೇ. ತರಕಾರಿ ಬೆಳೆದವನು ಬೇಯಿಸಲಾರನೇ ಎಂದು ಅಡುಗೆಮನೆಗೂ ನುಗ್ಗಿದರು. ಆದರೆ ಒಂದು ವಿಷಯದಲ್ಲಿ ಮಾತ್ರ ಹಳೇ ಗುಮಾಸ್ತಗಿರಿ ಬಿಡಲಿಲ್ಲ. ರುಚಿ ನೋಡುವುದು ಮೂವತ್ತೊಂದು ವರ್ಷದಿಂದ ಆ ಮನೆಯಲ್ಲಿ ಹೆಂಡತಿಯ ಕೆಲಸ. ಇನ್ನೊಬ್ಬರ ಇಲಾಖೆಗೆ ಅವರು ಕೈ ಹಾಕುವವರಲ್ಲ.

ಬದಲಿಗೆ ಅವರೊಂದು ಉಪಾಯ ಮಾಡಿದರು. ಮಲಗಿದ ನಾಲಿಗೆಯನ್ನು ಎಬ್ಬಿಸಬೇಕಾದರೆ ಉಪ್ಪು ಬೇಕು. ತಮ್ಮ ಪಾಲು ತೆಗೆದಿಟ್ಟುಕೊಂಡು, ಆಕೆಯ ಬಟ್ಟಲಿಗೆ ಮಾತ್ರ ಉಪ್ಪು ಬೇರೆ ಹಾಕುವುದು, ವಾರವಾರಕ್ಕೂ ಕಾಲು ಚಮಚ ಏರಿಸುತ್ತ ಹೋಗುವುದು. ಅದಕ್ಕೊಂದು ಗ್ರಾಫ್ ಹಾಳೆ ಅಡುಗೆಮನೆಯ ಬಾಗಿಲಿಗೆ ಅಂಟಿತು. ಗೆರೆ ಗುಡ್ಡ ಹತ್ತಿದಂತೆ ಹತ್ತುತ್ತಿತ್ತು. ದಿನಾ ಒಂದೇ ಪ್ರಶ್ನೆ, "ಏನಾದ್ರೂ ಗೊತ್ತಾಯ್ತಾ?" ದಿನಾ ಒಂದೇ ಉತ್ತರ, "ಇಲ್ಲ ರೀ." ಆದರೂ ಬಟ್ಟಲು ಖಾಲಿಯಾಗುತ್ತಿತ್ತು. ಬೇಡ ಬೇಡ ಎನ್ನುತ್ತಿದ್ದವರು ಬೀನ್ಸಿನ ಕಾಲಕ್ಕೆ ಎದ್ದು ಕೂತು ಉಣ್ಣತೊಡಗಿದರು. ರಾಯರಿಗೆ ಅದೇ ದೊಡ್ಡ ಬಹುಮಾನವಾಗಿತ್ತು.

ಶರತ್ಕಾಲ ಬಂತು. ಎಲೆಗಳು ಉದುರಿ ಹಿತ್ತಲು ಬೋಳಾಯಿತು, ಆಕಾಶ ಮೂರು ಹೊತ್ತೂ ಮುಖ ಊದಿಸಿಕೊಂಡಿತ್ತು. ಚಳಿ ಬೀಳುವ ಮೊದಲು ಕುಂಬಳಕಾಯಿ ಕೀಳಬೇಕು. ಏಳು ಕಾಯಿ, ಒಂದೊಂದೂ ಗುಡಾಣದಂತಿದ್ದವು. ರಾಯರು ಒಂದನ್ನು ಮಗುವಿನ ಹಾಗೆ ಎದೆಗವಚಿಕೊಂಡು ಒಳಗೆ ತಂದರು. ಚಾಕು ಹಾಕಿದರೆ ಹೋಗಲಿಲ್ಲ. ಕತ್ತಿ ಹಾಕಿದರೆ ಹೋಯಿತು, ಹೊರಗೆ ಬರಲಿಲ್ಲ. ಕೊನೆಗೆ ಗರಗಸ ತಂದು ಕುಯ್ದರು. ಸ್ಕೇಲಿಟ್ಟು ಎರಡೆರಡು ಸೆಂಟಿಮೀಟರಿನ ಹೋಳು ಮಾಡಿ ಸೂಪಿಗಿಟ್ಟರು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ರೀ, ಒಂದ್ಸಲ ಬಾಯಿಗೆ ಹಾಕ್ಕೊಂಡು ನೋಡಬಾರದಾ?" ಎಂದರು.

"ಅದು ನಿನ್ನ ಇಲಾಖೆ."

"ನನ್ನ ಇಲಾಖೆಗೆ ಬೀಗ ಬಿದ್ದಿದೆಯಲ್ಲ."

"ಬೀಗ ಬಿದ್ದಿಲ್ಲ. ರಜೆ ಮೇಲಿದೆ" ಎಂದರು ರಾಯರು. ಈರುಳ್ಳಿ ಹೆಚ್ಚದೆಯೂ ಅವರ ಕಣ್ಣು ತುಂಬಿತ್ತು.

ಫಸಲಿನ ಊಟಕ್ಕೆ ನರ್ಸಮ್ಮನಿಗೂ ಕರೆ ಹೋಗಿತ್ತು. ಮೂರು ಬಟ್ಟಲು ಬಂದವು. ಹೆಂಡತಿಯ ಬಟ್ಟಲಿಗೆ ಗ್ರಾಫಿನ ಪ್ರಕಾರ ಮೂರು ಚಮಚ ಉಪ್ಪು. ಆಕೆ ಒಂದು ಚಮಚ ಸೂಪು ಬಾಯಿಗಿಟ್ಟುಕೊಂಡರು. ಮುಖ ಕಿವುಚಿದರು. ಸೆರಗಿಗೇ ಉಗಿದುಬಿಟ್ಟರು.

"ಕಹಿ" ಎಂದರು.

ರಾಯರ ಕೈಯಿಂದ ಸೌಟು ಬಿತ್ತು. "ಏನಂದೆ? ಇನ್ನೊಂದ್ಸಲ ಹೇಳು."

"ಕಹಿ ಅಂದೆ. ವಿಷದ ಥರ ಕಹಿ."

ರಾಯರು ಅಲ್ಲೇ ನೆಲಕ್ಕೆ ಕೂತು ಅತ್ತುಬಿಟ್ಟರು. ಐದು ತಿಂಗಳ ದುಃಖ ಒಂದೇ ಸಲ ಬಂತು. "ಬಂತು. ನಿನ್ನ ನಾಲಿಗೆ ವಾಪಸ್ ಬಂತು ಕಣೇ" ಎಂದು ಹೆಗಲಮೇಲಿನ ಟವೆಲಿನಲ್ಲಿ ಮೂಗೊರೆಸಿಕೊಂಡರು.

ನರ್ಸಮ್ಮ ತಮ್ಮ ಬಟ್ಟಲಿನ ಒಂದು ತೊಟ್ಟು ನಾಲಿಗೆಗೆ ತಾಗಿಸಿ ಬಚ್ಚಲಿಗೆ ಓಡಿ ಉಗಿದು ಬಂದರು. "ಯಾರೂ ತಿನ್ನಬೇಡಿ. ಇಷ್ಟು ಕಹಿ ಕುಂಬಳ ಒಳಗೆ ಹೋದ್ರೆ ನಾಳೆ ಆಸ್ಪತ್ರೇಲಿ ನಾನೇ ನಿಮ್ಮನ್ನ ನೋಡ್ಬೇಕಾಗುತ್ತೆ. ಈ ಬೀಜ ಎಲ್ಲಿಂದ ಬಂತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರಾಯರೂ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡರು.

"ಹೇಳಿ, ಹೇಳಿ" ಎಂದರು ಹೆಂಡತಿ. "ಇವರು ರಿಟೈರಾಗೋಕೆ ಮುಂಚೆ ನಾನು ಕುಂಬಳ ಹಾಕಿದ್ದೆ. ಬೇಲಿ ಅಂದವಾಗಿ ಕಾಣಲಿ ಅಂತ ಇವರು ಪಕ್ಕದಲ್ಲೇ ತಿನ್ನೋಕಾಗದ ಬಣ್ಣಬಣ್ಣದ ಕಹಿಗುಂಬಳ ಹಬ್ಬಿಸಿದ್ರು. ಜಾತಿ ಬೆರೆಯುತ್ತೆ, ಈ ಬೀಜ ಎತ್ತಿಡಬೇಡಿ ಅಂತ ಬಡ್ಕೊಂಡೆ. ಕೇಳಿದ್ರೆ ತಾನೆ? ಕಹೀನೂ ಆಯ್ತು, ಅದರ ಮೇಲೆ ಉಪ್ಪು ಬೇರೆ, ಎಂದಿನ ಹಾಗೆ."

ನರ್ಸಮ್ಮ ತಲೆಯೆತ್ತಿದರು. "ಎಂದಿನ ಹಾಗೆ ಅಂದ್ರೆ?"

ಹೆಂಡತಿ ಸೆರಗಿನ ಕಲೆ ಉಜ್ಜತೊಡಗಿದರು.

"ಯಾವಾಗ ಬಂತು ರುಚಿ?" ಎಂದರು ರಾಯರು.

"ಬೀನ್ಸ್ ಶುರುವಾದಾಗ."

ಬೀನ್ಸ್ ಶುರುವಾಗಿ ಎರಡೂವರೆ ತಿಂಗಳಾಗಿತ್ತು. ರಾಯರು ಬಾಗಿಲ ಮೇಲಿನ ಗ್ರಾಫ್ ನೋಡಿದರು. ಬೀನ್ಸಿನಿಂದ ಈಚೆಗೇ ಗೆರೆ ಗುಡ್ಡ ಹತ್ತಿದ್ದು.

"ಹೋದ ವಾರ ನಾನು ನಾಲಿಗೆಗೆ ನಿಂಬೆಹಣ್ಣು ಹಿಂಡಿದ್ರೂ ಮುಖ ಸಿಂಡರಿಸಲಿಲ್ಲವಲ್ಲಮ್ಮ ನೀವು" ಎಂದರು ನರ್ಸಮ್ಮ.

"ಇವರ ಸೂಪು ಕುಡಿದು ಅಭ್ಯಾಸ ಆಗಿತ್ತು."

"ನಿಮ್ಮ ಬಿ.ಪಿ. ಯಾಕೆ ಏರ್ತಿದೆ ಅಂತ ಈಗ ತಿಳೀತು ಬಿಡಿ" ಎಂದು ನರ್ಸಮ್ಮ ಚಪ್ಪಲಿ ಮೆಟ್ಟಿ ಹೊರಟರು. ಗಂಡಹೆಂಡಿರ ಜಗಳದಲ್ಲಿ ನಿಲ್ಲಬಾರದೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು.

"ನನ್ನನ್ನ ಕೋತಿ ಕುಣಿಸಿದೆ" ಎಂದರು ರಾಯರು. "ದಿನಾ ಕೇಳ್ತಿದ್ದೆ. ದಿನಾ ಸುಳ್ಳು ಹೇಳಿದೆ."

"ನಿಜ ಹೇಳಿದ್ರೆ ಮರುದಿನ ಸೌಟು ನನ್ನ ಕೈಗೆ ಬರ್ತಿತ್ತು. ನೀವು ಆ ಕುರ್ಚಿಗೆ ಹೋಗ್ತಿದ್ರಿ" ಎಂದರು ಆಕೆ. ಸೆರಗು ಕೊಡವಿಕೊಂಡು, "ಅದೊಂದೇ ಅಲ್ಲ. ಮದುವೆಯಾಗಿ ಬಂದ ಮೇಲೆ ನನ್ನ ಮುಂದೆ ಯಾರಾದ್ರೂ ಬಟ್ಟಲು ತಂದಿಟ್ಟಿದ್ದು ಇದೇ ಮೊದಲು. ಉಪ್ಪಾದ್ರೇನು ಅನ್ನಿಸ್ತು" ಎಂದರು.

ರಾಯರು ಹಿತ್ತಲಿಗೆ ಹೋದರು. ಜಿಟಿಜಿಟಿ ಮಳೆಯಲ್ಲೇ ಗುಂಡಿ ತೋಡಿ ಉಳಿದ ಆರು ಕುಂಬಳಕಾಯಿ, ಬಳ್ಳಿ, ಬೀಜ ಎಲ್ಲವನ್ನೂ ಹೂತರು. ಕೆಸರುಗಾಲಲ್ಲಿ ಒಳಗೆ ಬಂದು ಪಡಸಾಲೆಯ ಕುರ್ಚಿಯ ಮುಂದೆ ನಿಂತರು. ಬಹಳ ಹೊತ್ತು ನಿಂತರು. ಅಡುಗೆಮನೆಯಲ್ಲಿ ಹೆಂಡತಿ ಉಸಿರು ಬಿಗಿಹಿಡಿದುಕೊಂಡಿದ್ದರು. ಕುರ್ಚಿಯ ಬೆನ್ನಿಗೆ ಒದ್ದೆ ಟವೆಲು ಒಣಹಾಕಿ, ರಾಯರು ಅಡುಗೆಮನೆಗೇ ಬಂದರು.

ಒಲೆಯ ಪಕ್ಕದಲ್ಲಿ ಆಕೆಯ ಪಾಲಿನ ನಿನ್ನೆಯ ಬೀನ್ಸ್ ಸ್ವಲ್ಪ ಮಿಕ್ಕಿತ್ತು. ರಾಯರು ಒಂದು ಚಮಚ ತೆಗೆದು, ಜೀವಮಾನದಲ್ಲಿ ಮೊದಲ ಬಾರಿಗೆ, ರುಚಿ ನೋಡಿದರು. ನುಂಗಲೂ ಆಗದೆ ಉಗಿಯಲೂ ಆಗದೆ ಕಣ್ಣಲ್ಲಿ ನೀರು ಬಂತು. ಎರಡು ಲೋಟ ನೀರು ಕುಡಿದ ಮೇಲೆ ದನಿ ಹೊರಟಿತು.

"ಎರಡೂವರೆ ತಿಂಗಳು ಇದನ್ನ ಹೇಗೆ ತಿಂದ್ಯೇ?"

ಹೆಂಡತಿ ಆ ಬಟ್ಟಲನ್ನು ಅವರ ಕೈಯಿಂದ ತೆಗೆದುಕೊಂಡು ನೀರಲ್ಲಿ ನೆನೆಹಾಕಿದರು.

"ನಾಲಿಗೆ ಇರಲಿಲ್ಲವಲ್ಲ ರೀ" ಎಂದರು.