‘ಬದುಕಿದ್ದೀನಿ’ ಅಂದ ತೂಕದ ಚೀಟಿ

ಕಂಪ್ಯೂಟರ್ ಕೆಲಸ ಅಂತ ಕೂತವನಿಗೆ ದಿನಕ್ಕೊಂದು ಸಲ ಎದೆ ಧಸಕ್ಕನ್ನದಿದ್ದರೆ ಉಂಡದ್ದು ಅರಗೋದಿಲ್ಲ. ಹುಣಸೂರಿನ ಆ ಜೋಳದ ಮಂಡಿಯಲ್ಲಂತೂ ನನಗೆ ಒಂದೇ ವಾರದಲ್ಲಿ ವರ್ಷಕ್ಕಾಗುವಷ್ಟು ಧಸಕ್ಕಂದಿತು. ಎರಡು ಸಾವಿರದ ಇಸವಿ ಆಸುಪಾಸಿನ ಮಾತು.

೧. ಹೇಳದೆ ಕೇಳದೆ

ರೈತರು ತಂದ ಚೀಲವನ್ನು ಎಲೆಕ್ಟ್ರಾನಿಕ್ ತಕ್ಕಡಿ ಮೇಲಿಟ್ಟರೆ ತೂಕ ತಾನಾಗಿ ಕಂಪ್ಯೂಟರಿಗೆ ಬಂದು ಚೀಟಿ ಅಚ್ಚಾಗಬೇಕು. ಅದಕ್ಕೊಂದು ಪ್ರೋಗ್ರಾಂ ಬರೆದಿದ್ದೆ. ಮುಕ್ಕಾಲು ಭಾಗ ಪೈಥಾನ್ ಭಾಷೆಯಲ್ಲಿ, ತಕ್ಕಡಿ ಜೊತೆ ಮಾತಾಡುವ ತುಂಡು ಮಾತ್ರ ಸಿ ಭಾಷೆಯಲ್ಲಿ. ಪೈಥಾನ್ ಸಂಭಾವಿತ, ತಪ್ಪಾದರೆ ಇಂಥ ಸಾಲಲ್ಲಿ ಅಂತ ಹೇಳಿ ನಿಲ್ಲುತ್ತೆ. ಸಿ ಹಾಗಲ್ಲ. ಏನೂ ಹೇಳದೆ ಇಡೀ ಪ್ರೋಗ್ರಾಮನ್ನೇ ಎಳಕೊಂಡು ಬಾವಿಗೆ ಬೀಳುತ್ತೆ.

ಮಂಡಿ ಯಜಮಾನರ ಮುಂದೆ ಮೊದಲ ಚೀಲ ಇಟ್ಟೆವು. ಪರದೆ ಖಾಲಿ!

“ಎಲ್ರೀ ಹೋಯ್ತು?”

“ಸತ್ತೋಯ್ತು ಯಜಮಾನ್ರೇ.”

“ಯಾಕೆ?”

“ಅದು ಹೇಳಲಿಲ್ಲ.”

ನನ್ನನ್ನೇ ದುರುಗುಟ್ಟಿ ನೋಡಿದರು. “ಸೋಮವಾರ ಖರೀದಿ ಶುರು. ಅವತ್ತೂ ಸತ್ರೆ, ನೀವು ಪಿರಿಯಾಪಟ್ಟಣದ ಬಸ್ ಹತ್ತಿ ಮನೆ ಸೇರ್ಕಳಿ ಕಣ್ರೀ.”

೨. ಪ್ರಾಣ ಬಂತು

ಎಲ್ಲಿ ಸಾಯುತ್ತೆ ಅಂತ ತಿಳಿಯಲು ಸಿ ತುಂಡಿನ ನಡುವೆ ‘ಬದುಕಿದ್ದೀನಿ’ ಅಂತ ಪರದೆ ಮೇಲೆ ಬರೆಯುವ ಒಂದು ಸಾಲು ಸೇರಿಸಿದೆ. ಸಾಯಲೇ ಇಲ್ಲ! ಸಾಲು ತೆಗೆದೆ, ಸತ್ತಿತು. ಹಾಕಿದೆ, ಬದುಕಿತು. ಹತ್ತು ಸಲ ಮಾಡಿ ನೋಡಿ ದಂಗಾಗಿ ಹೋದೆ.

ಯಜಮಾನರಿಗೆ ಹೇಳಿದರೆ, “ಇರ್ಲಿ ಬುಡ್ರೀ. ಅದೇ ಬಾಯ್ಬುಟ್ಟು ಬದುಕಿದ್ದೀನಿ ಅಂತೈತೆ, ನಿಮಗ್ಯಾಕೆ ಅನುಮಾನ?” ಅಂದರು.

೩. ಯಾವನ್ಲಾ ಏಳಿದ್ದು?

ಸೋಮವಾರ ಬಂತು. ಪರೀಕ್ಷೆ ಮಾಡುವಾಗ ಪ್ರಿಂಟರ್ ಹಚ್ಚಿರಲಿಲ್ಲ; ಹಚ್ಚಿದರೆ ಪ್ರೋಗ್ರಾಂ ಉಗುಳಿದ್ದೆಲ್ಲ ಸೀದಾ ಅದಕ್ಕೇ ಹೋಗುತ್ತೆ ಅನ್ನೋದೇ ನನಗೆ ಮರೆತುಹೋಗಿತ್ತು. ಮೊದಲ ಚೀಟಿ ಗುರುಪುರದ ಹಿರಿಯರೊಬ್ಬರದು. ಹೆಸರು, ತೂಕ, ಕೆಳಗೆ ‘ಬದುಕಿದ್ದೀನಿ’.

“ನಾನು ಸತ್ತೋಗಿವ್ನಿ ಅಂತ ಯಾವನ್ಲಾ ಏಳಿದ್ದು?”

“ಅಯ್ಯೋ, ಯಾರೂ ಹೇಳಿಲ್ಲ ಗೌಡ್ರೇ!”

“ಏಳ್ದೆ ಇಂಗೆ ಬರೀತೀರಾ? ನನ್ ತಮ್ಮನೇ ಕಣ! ಜಮೀನಿಗೆ ಕಾಯ್ಕಂಡ್ ಕುಂತವ್ನೆ!”

ಆ ತಮ್ಮ ಅವರ ಹಿಂದೆಯೇ ಚೀಲ ಇಟ್ಟುಕೊಂಡು ನಿಂತಿದ್ದ. ಅಣ್ಣ ಟವೆಲ್ ಬೀಸಿದ್ದೇ ತಡ, ಚೀಲ ಬಿಟ್ಟು ಟೀ ಅಂಗಡಿಗೆ ಓಡಿದ.

೪. ಟವೆಲ್ ಮಡಗಿರ್ನಿಲ್ಲ

“ಆ ಸಾಲು ಈಗ್ಲೇ ತೆಗೀರಿ!” ಅಂತ ಯಜಮಾನರು ಕೂಗಿದರು. ತೆಗೆದರೆ ಪ್ರೋಗ್ರಾಂ ಸಾಯುತ್ತೆ, ನಾನು ಬಸ್ ಹತ್ತಬೇಕು. ತೆಗೀತೀನಿ ತೆಗೀತೀನಿ ಅಂತ ಹೊತ್ತು ದೂಡಿದೆ. ಅಷ್ಟರಲ್ಲಿ ಇನ್ನೂ ಹತ್ತು ಜನ ‘ಬದುಕಿದ್ದೀನಿ’ ಹಿಡಕೊಂಡು ಹೋದರು.

ಹೊರಗೆ ಇನ್ನೊಂದು ಗಲಾಟೆ. ತಮ್ಮ ಟೀ ಕುಡಿದು ಬಂದರೆ ಅವನ ಚೀಲವೇ ಸರದಿಯಲ್ಲಿಲ್ಲ! ಹಮಾಲಿ ಅದನ್ನು ಮೂಲೆಗೆ ಎಸೆದಿದ್ದ.

“ಟವೆಲ್ ಮಡಗಿರ್ನಿಲ್ಲ. ಯಾರ್ದೂ ಅಲ್ಲ ಅಂತ ಎತ್ತಾಕ್ದೆ,” ಅಂದ ಹಮಾಲಿ.

ನಮ್ಮ ಮಂಡಿಯ ಪದ್ಧತಿಯೇ ಅದು. ಚೀಲದ ಮೇಲೆ ಟವೆಲ್ ಇದ್ದರೆ ಯಾರೂ ಮುಟ್ಟೋದಿಲ್ಲ. ನಾನು ಕುರ್ಚಿಯಿಂದ ಹಾರಿಬಿದ್ದೆ. ಪೈಥಾನೂ ಹಾಗೇ ಅಲ್ಲವಾ! ಇದು ಬೇಕು ಅಂತ ಯಾರೂ ಗುರುತು ಹಾಕದ್ದನ್ನು ಕಸ ಅಂತ ಎತ್ತಿ ಎಸೆಯುತ್ತೆ. ನನ್ನ ಸಿ ತುಂಡು ತೂಕವನ್ನು ಟವೆಲ್ ಹಾಕದೆ ಬಿಟ್ಟು ಬಂದಿತ್ತು! ‘ಬದುಕಿದ್ದೀನಿ’ ಸಾಲು ಆ ಕಸ ಎತ್ತುವ ಹೊತ್ತನ್ನು ಚೂರು ಮುಂದೂಡುತ್ತಿತ್ತು, ಅಷ್ಟೆ. ಗುರುತು ಹಾಕುವ ಒಂದೇ ಒಂದು ಸಾಲು ಸೇರಿಸಿ, ‘ಬದುಕಿದ್ದೀನಿ’ ಕಿತ್ತು ಹಾಕಿ ಓಡಿಸಿದೆ. ಸಾಯಲಿಲ್ಲ! ಹೋಗಿ ಹಮಾಲಿಯನ್ನು ತಬ್ಬಿಕೊಂಡೆ, ಅವನು ಹೆದರಿಕೊಂಡ.

ಮಧ್ಯಾಹ್ನ ಭೇರ್ಯ ಊರಿನ ಟ್ರ್ಯಾಕ್ಟರ್ ಬಂತು. ಚೀಟಿ ನೋಡಿದ ರೈತನ ಮುಖ ಬಿಳಿಚಿಕೊಂಡಿತು.

“ಬೆಳಿಗ್ಗೆ ಬಂದೋರ್ ಚೀಟೀಲೆಲ್ಲಾ ಬದುಕಿದ್ದೀನಿ ಅಂತ ಐತೆ. ನಮ್ದ್ರಲ್ಲಿ ಇಲ್ಲ! ನಾವೇನ್ ಸತ್ತೋಗಿದ್ದೀವಾ?”

ಹಿಂದಿದ್ದವರು ಚೀಲ ಇಳಿಸೋದನ್ನೇ ನಿಲ್ಲಿಸಿದರು. ಯಜಮಾನರು ನನ್ನ ಹತ್ತಿರ ಓಡಿ ಬಂದರು. “ನಿಮ್ ದಮ್ಮಯ್ಯ ಅಂತೀನಿ, ಆ ಸಾಲು ವಾಪಸ್ ಹಾಕ್ರೀ! ಬಸ್ಸೂ ಬ್ಯಾಡ ಏನೂ ಬ್ಯಾಡ, ಇಲ್ಲೇ ಇರಿ!”

ತಮ್ಮನ ಚೀಲ ಸರದಿಯ ಕೊನೆಗೆ ಹೋಗಿ ಇನ್ನೂ ತೂಕವಾಗಿರಲಿಲ್ಲ. ಅದನ್ನೇ ಕಾಯುತ್ತಾ ಜಗುಲಿ ಮೇಲೆ ಕೂತಿದ್ದ ಗುರುಪುರದ ಹಿರಿಯರು ಅಲ್ಲಿಂದಲೇ ಕೂಗಿದರು:

“ಆಕಿ ಆಕಿ, ಎಲ್ಲಾರ್ಗೂ ಆಕಿ! ನನ್ ತಮ್ಮನ ಚೀಟೀಗ್ ಮಾತ್ರ ಬ್ಯಾಡ!”